ಎಂಟು ಬಟ್ಟು, ಮೂರು ತೂಕ

ಗಂಟಣ್ಣನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಯೋಗ್ಯತೆ ಇರುವವರಿಗೆ ಅವನು ಯಾರೆಂದೇ ಗೊತ್ತಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಓದುತ್ತ ಓದುತ್ತ ನಿಮಗೆ ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ನಾನು ಅಡ್ಡ ಬರುವುದಿಲ್ಲ.

ಅವನು ತಕ್ಕಡಿ ರಿಪೇರಿಯವನು. ನಮ್ಮದು ಉದ್ದನೆಯ ತಗಡಿನ ಶೆಡ್ಡು. ಗೋಡೆಗುಂಟ ಹನ್ನೊಂದು ಮೇಜು, ಹನ್ನೊಂದು ಜನ. ಮೂಲೆಯಲ್ಲಿ ಸೀಸ ಕರಗಿಸುವ ಒಲೆ. ಅಂಗಡಿಗಳವರು ವರ್ಷಕ್ಕೊಮ್ಮೆ ತಮ್ಮ ತಕ್ಕಡಿ, ತೂಕದ ಬಟ್ಟುಗಳನ್ನು ಚೀಲದಲ್ಲಿ ಹೊತ್ತು ತರುತ್ತಿದ್ದರು. ಬಟ್ಟಿನ ತಳದಲ್ಲಿ ಒಂದು ಸಣ್ಣ ಗುಳಿ ಇರುತ್ತದೆ, ಅದರಲ್ಲಿ ಸೀಸ ತುಂಬಿರುತ್ತದೆ. ಬಟ್ಟು ಸವೆದು ಹಗುರವಾಗಿದ್ದರೆ ಸೀಸ ಸೇರಿಸಬೇಕು, ಭಾರವಾಗಿದ್ದರೆ ಕೆರೆದು ತೆಗೆಯಬೇಕು. ಇಷ್ಟೇ ಕೆಲಸ. ಇಷ್ಟನ್ನು ಗಂಟಣ್ಣ ಇಪ್ಪತ್ತೊಂಬತ್ತು ವರ್ಷ ಮಾಡಿದ. ಬಟ್ಟನ್ನು ಅಂಗೈಯಲ್ಲಿ ಇಟ್ಟುಕೊಂಡರೆ ಸಾಕು, ಕಡಿಮೆಯೋ ಹೆಚ್ಚೋ ಅವನಿಗೆ ಗೊತ್ತಾಗುತ್ತಿತ್ತು. ಆದರೂ ತಕ್ಕಡಿಗೆ ಹಾಕದೆ ಒಂದನ್ನೂ ಮುಂದಕ್ಕೆ ಬಿಟ್ಟವನಲ್ಲ.

ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ದಿನಾ ಬೆಳಿಗ್ಗೆ ಹತ್ತೂವರೆಯ ಚಹಾದ ಹೊತ್ತಿಗೆ ಎಲ್ಲರ ತಲೆಯಲ್ಲಿ ಒಂದು ಗಂಟು ಹಾಕಿ ಬಿಡುತ್ತಿದ್ದುದರಿಂದ ಗಂಟಣ್ಣ. ಶೆಡ್ಡಿನ ಕಬ್ಬಿಣದ ಬಾಗಿಲಿನ ಒಳಮೈಯಲ್ಲಿ ಸೀಮೆಸುಣ್ಣದಿಂದ ಒಂದು ಒಗಟು ಬರೆಯುತ್ತಿದ್ದ. ಹೊಸದಾಗಿ ಸೇರಿದವರಿಗೆ ಮೊದಲನೆಯ ದಿನ ಒಂದೇ ಒಗಟು: ಎರಡು ತಟ್ಟೆ ಇದೆ, ಊಟವಿಲ್ಲ, ಒಂದು ಮುಳ್ಳಿದೆ, ಚುಚ್ಚುವುದಿಲ್ಲ, ಅದೇನು? ನಾನು ಸೇರಿದಾಗ ನನಗೆ ಇಪ್ಪತ್ತನಾಲ್ಕು. ಎರಡು ದಿನ ತಲೆ ಕೆರೆದುಕೊಂಡೆ. ಮೂಗಿನ ನೇರಕ್ಕೆ ತಕ್ಕಡಿ ಇಟ್ಟುಕೊಂಡು ಅದನ್ನೇ ಹುಡುಕುತ್ತಿದ್ದ ನನ್ನನ್ನು ನೋಡಿ ಇಡೀ ಶೆಡ್ಡು ನಕ್ಕಿತು. ಗಂಟಣ್ಣ ಮಾತ್ರ ನಗಲಿಲ್ಲ. ಎದುರಿಗಿರುವುದು ಕಾಣುವುದೇ ಎಲ್ಲಕ್ಕಿಂತ ಕಷ್ಟ ಅಂದ.

ಉತ್ತರ ಹೇಳುವುದಕ್ಕೂ ಒಂದು ಪದ್ಧತಿ ಇತ್ತು. ಗೊತ್ತಾದವರು ಬಾಯಿ ಬಿಟ್ಟು ಹೇಳುವ ಹಾಗಿಲ್ಲ, ಇನ್ನೊಬ್ಬರ ಖುಷಿ ಕೆಡುತ್ತದೆ. ಚೀಟಿಯಲ್ಲಿ ಬರೆದು ಗಂಟಣ್ಣನ ತಕ್ಕಡಿಯ ಎಡದ ತಟ್ಟೆಯಲ್ಲಿ ಇಡಬೇಕು. ಉತ್ತರ ಸರಿಯಿದ್ದರೆ ಅವನು ಬಲದ ತಟ್ಟೆಗೆ ಐವತ್ತು ಗ್ರಾಮಿನ ಬಟ್ಟು ಹಾಕುತ್ತಿದ್ದ. ಟಣ್ ಎಂದು ಶಬ್ದವಾಗುತ್ತಿತ್ತು, ಎಲ್ಲರೂ ತಿರುಗಿ ನೋಡುತ್ತಿದ್ದರು. ತಪ್ಪಿದ್ದರೆ ಚೀಟಿಯನ್ನು ನಾಲ್ಕಾಗಿ ಮಡಚಿ, ಮಾತಿಲ್ಲದೆ ನಮ್ಮ ಅಂಗೈಗೇ ವಾಪಸ್ಸು. ಆ ಟಣ್ ಶಬ್ದಕ್ಕಾಗಿ ನಾವು ಎಷ್ಟು ಒದ್ದಾಡುತ್ತಿದ್ದೆವು ಎಂದರೆ, ಒಲೆಯವನು ಒಮ್ಮೆ ಸೀಸ ಕಾಯಿಸುತ್ತ ಯೋಚನೆಯಲ್ಲಿ ಮುಳುಗಿ ತನ್ನ ಚಪ್ಪಲಿಯನ್ನೇ ಸುಟ್ಟುಕೊಂಡ.

ಬರಬರುತ್ತ ಅವನ ಒಗಟುಗಳು ಗಟ್ಟಿಯಾದವು. ಸುಳ್ಳು ಹೇಳುವ ಕಾವಲುಗಾರ, ತಪ್ಪು ಚೀಟಿ ಅಂಟಿಸಿದ ಮೂರು ಪೆಟ್ಟಿಗೆ, ಗಂಡಂದಿರನ್ನು ಅದಲುಬದಲು ಮಾಡಿಕೊಳ್ಳದೆ ದೋಣಿಯಲ್ಲಿ ಹೊಳೆ ದಾಟಬೇಕಾದ ಹೆಂಗಸರು. ನಾನು ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ನನಗೆ ಯೋಚನೆ ಮಾಡಲು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಅವನು ಗೊತ್ತು ಮಾಡಿಸಿದ. ಐದಾರು ವರ್ಷದಲ್ಲಿ ಎಲ್ಲರಿಗಿಂತ ಮೊದಲು ಚೀಟಿ ಇಡುತ್ತಿದ್ದವನು ನಾನು. ಭಾನುವಾರ ಅವನ ಕ್ವಾರ್ಟರ್ಸಿಗೂ ಹೋಗುತ್ತಿದ್ದೆ. ಕಂಪನಿ ಕೊಟ್ಟ ಎರಡು ಕೋಣೆಯ ಮನೆ. ಅತ್ತಿಗೆ ಅಡುಗೆಮನೆಯ ಕಿಟಕಿಯ ಹೊರಗೆ ಹಳೆಯ ಡಬ್ಬಗಳಲ್ಲಿ ಹೂವಿನ ಗಿಡ ಬೆಳೆಸಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ಅವಳು ಗುಡಿಸಿ ಒರೆಸಿದ ಮನೆ ಅದು. ನಾನು ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಜೊತೆ ಒಂದೇ ಕೋಣೆಯಲ್ಲಿದ್ದೆ. ನಲ್ಲಿಗೆ ಏಳು ಮನೆಯವರೊಂದಿಗೆ ಸರದಿ. ಅವರ ಮನೆಯಿಂದ ಹೊರಟಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಆಗಲಿಲ್ಲ ಎಂದು ಈಗ ಸುಳ್ಳು ಹೇಳಿ ಪ್ರಯೋಜನವಿಲ್ಲ.

ಒಂದು ಸಲ ಬಾಗಿಲ ಮೇಲೆ ಎಂಟು ಬಟ್ಟಿನ ಲೆಕ್ಕ ಬಂತು. ನೋಡಲು ಒಂದೇ ಥರದ ಎಂಟು ಬಟ್ಟು, ಅದರಲ್ಲಿ ಒಂದು ಹಗುರ. ತಕ್ಕಡಿಗೆ ಎಷ್ಟು ಸಲ ಹಾಕಿದರೆ ಅದು ಸಿಗುತ್ತದೆ? ಎರಡು ಸಲ ಸಾಕು. ಆ ಕಡೆ ಮೂರು, ಈ ಕಡೆ ಮೂರು ಹಾಕಬೇಕು. ಮೇಲೆದ್ದ ಮೂರರಲ್ಲೇ ಕಳ್ಳ ಇದ್ದಾನೆ. ಅದರಲ್ಲಿ ಎರಡನ್ನು ಒಂದಕ್ಕೊಂದು ತೂಗಿದರೆ ಸಿಕ್ಕಿಬೀಳುತ್ತಾನೆ, ಅವು ಸಮವಾದರೆ ಉಳಿದದ್ದೇ ಕಳ್ಳ. ಮೊದಲ ಸಲವೇ ಸಮ ನಿಂತರೆ ಹೊರಗಿಟ್ಟ ಎರಡನ್ನು ತೂಗಬೇಕು. ಅರ್ಧ ಗಂಟೆಯಲ್ಲಿ ನನ್ನ ಚೀಟಿಗೆ ಟಣ್ ಎಂದಿತು.

ಮರುದಿನ ಗಂಟಣ್ಣ ‘ಹಗುರ’ ಎನ್ನುವುದನ್ನು ಒರೆಸಿ ‘ತೂಕ ಸರಿಯಿಲ್ಲ’ ಎಂದು ಬರೆದ. ಅಷ್ಟೇ ಬದಲಾವಣೆ. ಎಲ್ಲರೂ ಮತ್ತೆ ಎರಡು ಎಂದು ಬರೆದೆವು. ಎಲ್ಲರ ಅಂಗೈಗೂ ಚೀಟಿ ವಾಪಸ್ಸು. ಒಂಬತ್ತು ದಿನ ಗುದ್ದಾಡಿದೆವು. ಹಗುರವೋ ಭಾರವೋ ತಿಳಿಯದಿದ್ದಾಗ ಎದ್ದ ತಟ್ಟೆಯನ್ನು ಹಿಡಿಯಬೇಕೋ ಇಳಿದ ತಟ್ಟೆಯನ್ನೋ ಹೇಳುವುದು ಹೇಗೆ? ಎರಡು ಸಾಲದು, ಮೂರು ಬೇಕು. ಹತ್ತನೆಯ ದಿನ ಗಂಟಣ್ಣ ಬಾಯಿ ಬಿಟ್ಟು ಬಿಡಿಸಿ ಹೇಳಿದ. ದಿನಸಿ ಅಂಗಡಿಯವನ ಬಟ್ಟು ಹಗುರ ಇರುತ್ತದೆ, ಅವನು ಮಾರುವವನು. ಗುಜರಿಯವನ ಬಟ್ಟಿನಲ್ಲಿ ಹೆಚ್ಚು ಸೀಸ ಇರುತ್ತದೆ, ಅವನು ಕೊಳ್ಳುವವನು. ಇಬ್ಬರ ಚೀಲವೂ ನಮ್ಮ ಮೇಜಿಗೇ ಬರುತ್ತದೆ. “ಚೀಲ ನೋಡಿದ ಕೂಡಲೇ ಹಗುರ ಅಂದ್ಕೊಂಡು ಕೂತ್ರೆ ನಾವು ಈ ಕೆಲಸಕ್ಕೆ ಲಾಯಕ್ಕಿಲ್ಲ. ಪ್ರಶ್ನೆಯಲ್ಲಿ ಇಲ್ಲದ್ದನ್ನ ನಮ್ಮ ಕೈಯಿಂದ ಸೇರಿಸಬಾರದು,” ಅಂದ. ಹತ್ತು ಜನವೂ ಕೇಳಿಸಿಕೊಂಡೆವು. ಇದನ್ನು ನೆನಪಿಡಿ.

ಹದಿನಾಲ್ಕು ವರ್ಷ ಹೀಗೆ ಕಳೆಯಿತು. ಅಷ್ಟರಲ್ಲಿ ಅಂಕಿ ಹೊಳೆಯುವ ಮಷಿನ್ ತಕ್ಕಡಿಗಳು ಬಂದವು. ಕಬ್ಬಿಣದ ಬಟ್ಟು ಹೊತ್ತು ಬರುವವರು ಕಡಿಮೆಯಾದರು. ಕಂಪನಿಯವರು ಶೆಡ್ಡು ಮುಚ್ಚುವುದಾಗಿ ಹೇಳಿದರು. ಹೊಸ ಕಟ್ಟಡದಲ್ಲಿ ಮಷಿನ್ ತಕ್ಕಡಿ ಪರೀಕ್ಷಿಸಲು ಒಬ್ಬನೇ ಸಾಕು. ಅವನಿಗೆ ಕೆಲಸವೂ ಉಂಟು, ಕ್ವಾರ್ಟರ್ಸೂ ಉಂಟು. ಉಳಿದ ಹತ್ತು ಜನ ಮನೆಗೆ. ಯಾರು ಉಳಿಯಬೇಕು ಎನ್ನುವುದಕ್ಕೆ ಹೊರಗಿನವರಿಂದ ಒಂದು ಪರೀಕ್ಷೆ. ಇಬ್ಬರಿಗೆ ಸಮ ಅಂಕ ಬಂದರೆ ಹಳಬನಿಗೆ ಕೆಲಸ.

ಪರೀಕ್ಷೆಯಲ್ಲಿ ಏನು ಕೇಳುತ್ತಾರೆ ಎಂದು ವಿಚಾರಿಸಿದಾಗ ತರ್ಕದ ಪ್ರಶ್ನೆಗಳು ಎಂದರು. ಶೆಡ್ಡಿನಲ್ಲಿ ನಗೆಯೋ ನಗೆ. ಗಂಟಣ್ಣನಿಗೆ ಪರೀಕ್ಷೆ ಇಡುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ ಎಂದು ಒಲೆಯವನು ಅಂದ. ಗಂಟಣ್ಣನ ಮುಖದಲ್ಲೂ ಆ ದಿನ ಒಂದು ನೆಮ್ಮದಿ ಇತ್ತು. ಅತ್ತಿಗೆ ಗಿಡಗಳಿಗೆ ಹೊಸ ಮಣ್ಣು ಹಾಕಿದಳಂತೆ.

ಆಫೀಸಿನ ಮಹಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ನಲವತ್ತು ಪ್ರಶ್ನೆ, ಒಂದು ಗಂಟೆ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದ ಸೊನ್ನೆಯನ್ನು ಪೆನ್ಸಿಲ್ಲಿನಿಂದ ತುಂಬಬೇಕು. ಎಲ್ಲವೂ ಬಾಗಿಲ ಮೇಲೆ ಕಂಡವೇ, ಬಟ್ಟೆ ಬದಲಾಯಿಸಿಕೊಂಡು ಬಂದಿದ್ದವು ಅಷ್ಟೇ. ಮೂವತ್ತೊಂದನೆಯ ಪ್ರಶ್ನೆ ಓದಿ ನನ್ನ ಕೈ ನಿಂತಿತು. ಎಂಟು ಬಟ್ಟುಗಳಲ್ಲಿ ಒಂದರ ತೂಕ ಬೇರೆ ಇದೆ, ಕಂಡುಹಿಡಿಯಲು ತಕ್ಕಡಿಯನ್ನು ಕನಿಷ್ಠ ಎಷ್ಟು ಸಲ ಬಳಸಬೇಕು? ಒಂದು, ಎರಡು, ನಾಲ್ಕು, ಐದು. ಮೂರು ಇರಲಿಲ್ಲ.

ಪ್ರಶ್ನೆ ಬರೆದವನು ಹಗುರ ಎಂದು ಹೇಳಲು ಮರೆತಿದ್ದ. ಅವನಿಗೆ ಬೇಕಾಗಿದ್ದುದು ಎರಡು. ಇದು ನನಗೆ ಗೊತ್ತಾಯಿತು, ಎಲ್ಲರಿಗೂ ಗೊತ್ತಾಯಿತು. ನಾನು ಎರಡರ ಸೊನ್ನೆ ತುಂಬಿ ಮುಂದಕ್ಕೆ ಹೋದೆ. ಒಲೆಯವನೂ ಅದನ್ನೇ ಮಾಡಿದ್ದ. ಗಂಟಣ್ಣ ನಾಲ್ಕೂ ಸೊನ್ನೆಗಳನ್ನು ಖಾಲಿ ಬಿಟ್ಟು, ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದ: ‘ಹಗುರವೋ ಭಾರವೋ ಹೇಳಿಲ್ಲ. ಎರಡು ಸಾಲದು, ಮೂರು ಬೇಕು.’ ಕೆಳಗೆ ಯಾಕೆ ಎನ್ನುವುದನ್ನೂ ವಿವರಿಸಿದ್ದ.

ನನಗೆ ನಲವತ್ತಕ್ಕೆ ನಲವತ್ತು. ಅವನಿಗೆ ಮೂವತ್ತೊಂಬತ್ತು. ಮೂರನೆಯವನು ಮೂವತ್ತೆರಡಕ್ಕೆ ನಿಂತಿದ್ದ.

ಮಾರನೆಯ ದಿನ ಹೊಸ ಮ್ಯಾನೇಜರ್ ನನ್ನನ್ನು ಕರೆಸಿದರು. ಮನುಷ್ಯ ಕೆಟ್ಟವರಲ್ಲ. ಎದುರಿಗೆ ಗಂಟಣ್ಣನ ಉತ್ತರಪತ್ರಿಕೆ ಬಿಚ್ಚಿಟ್ಟುಕೊಂಡಿದ್ದರು. ಈ ಪ್ರಶ್ನೆಯೇ ತಪ್ಪು ಎಂದು ಗಂಟಣ್ಣ ವಾದಿಸುತ್ತಿರುವುದಾಗಿಯೂ, ತಪ್ಪೆಂದಾದರೆ ಅದನ್ನು ಬಿಟ್ಟು ಎಣಿಸಬೇಕಾಗುತ್ತದೆಂದೂ ಹೇಳಿದರು. ಬಿಟ್ಟು ಎಣಿಸಿದರೆ ಇಬ್ಬರಿಗೂ ಮೂವತ್ತೊಂಬತ್ತು. ಕೆಲಸ ಹಳಬನಿಗೆ.

“ನನಗೆ ಇದು ತಲೆಗೆ ಹತ್ತೋದಿಲ್ಲ. ಅವರು ಹೇಳಿದ್ದನ್ನೇ ನಂಬೋಣ ಅಂದ್ರೆ ಅದರಲ್ಲಿ ಅವರಿಗೆ ಲಾಭ ಇದೆ,” ಅಂದರು. “ಅದಕ್ಕೆ ಅವರೇ ಒಂದು ದಾರಿ ಹೇಳಿದ್ರು. ನನ್ನ ತಮ್ಮನಂಥವನು ಒಬ್ಬ ಇದ್ದಾನೆ, ಅವನನ್ನ ಕೇಳಿ, ಅವನು ಹೇಳಿದ ಹಾಗೆ ಆಗಲಿ ಅಂತ. ನೀವು ಹೇಳಿ.”

ಮೇಜಿನ ಮೇಲೆ ಒಂದು ಗಾಜಿನ ಲೋಟ ಇತ್ತು, ಅದನ್ನೇ ನೋಡುತ್ತ ನಿಂತೆ. ನನ್ನ ಹೆಂಡತಿ ನಲ್ಲಿಯ ಸರದಿಯಲ್ಲಿ ಕೊಡ ಹಿಡಿದು ನಿಂತಿದ್ದು ನೆನಪಾಯಿತು. ಇಲ್ಲ, ಇದೂ ಅರ್ಧ ನಿಜ. ನೆನಪಾಗಲಿ ಎಂದು ನಾನೇ ಎಳೆದು ತಂದುಕೊಂಡೆ. ಕೆಟ್ಟದ್ದು ಮಾಡುವ ಮುಂಚೆ ಮನುಷ್ಯನಿಗೆ ಹೆಂಡತಿ ಮಕ್ಕಳು ಬಹಳ ನೆನಪಾಗುತ್ತಾರೆ.

“ಪ್ರಶ್ನೆ ಸರಿಯಾಗೇ ಇದೆ ಸಾರ್,” ಅಂದೆ. “ಬೇರೆ ಅಂದ್ರೆ ಹಗುರ ಅಂತಾನೇ. ಯಾರಿಗಾದರೂ ಅರ್ಥ ಆಗುತ್ತೆ.”

ಅವರು ತಲೆಯಾಡಿಸಿ ಪತ್ರಿಕೆ ಮಡಚಿಟ್ಟರು. ಎರಡು ನಿಮಿಷದ ಕೆಲಸ.

ಆ ದಿನ ಹತ್ತೂವರೆಗೆ ಗಂಟಣ್ಣ ಒದ್ದೆ ಬಟ್ಟೆ ತಂದು ಕಬ್ಬಿಣದ ಬಾಗಿಲನ್ನು ಒರೆಸಿದ. ಹಿಂದಿನ ದಿನದ್ದನ್ನು ಒರೆಸುವುದು ವಾಡಿಕೆಯೇ. ಆದರೆ ಹೊಸದನ್ನು ಬರೆಯಲಿಲ್ಲ. ಸೀಮೆಸುಣ್ಣವನ್ನು ಮೇಜಿನ ಖಾನೆಯಲ್ಲಿ ಹಾಕಿ ಕೂತ. ಹನ್ನೊಂದು ಜನ ಖಾಲಿ ಬಾಗಿಲು ನೋಡುತ್ತ ಚಹಾ ಕುಡಿದೆವು. ಅವತ್ತು ಅವನು ನನ್ನನ್ನು ಬೈದಿದ್ದರೆ, ಕಾಲರ್ ಹಿಡಿದು ನಾಲ್ಕು ಬಾರಿಸಿದ್ದರೆ, ನಾನು ಬದುಕಿಕೊಳ್ಳುತ್ತಿದ್ದೆ.

ಶೆಡ್ಡಿನ ಕೊನೆಯ ದಿನ ಅವನೇ ನನ್ನ ಮೇಜಿನ ಹತ್ತಿರ ಬಂದ. ಕೈಯಲ್ಲಿ ಸೀಸ ಕೆರೆಯುವ ತನ್ನ ಅರ ಇತ್ತು, ಹಿಡಿಗೆ ಬಟ್ಟೆ ಸುತ್ತಿದ ಹಳೆಯ ಅರ. ಅದನ್ನು ನನಗೆ ಕೊಡಲು ಬಂದಿದ್ದಾನೆ ಎಂದುಕೊಂಡೆ, ಎಂಥ ಆಸೆ ನೋಡಿ.

“ಎರಡು ಅಂತ ಹೇಳಿದೆಯಂತೆ,” ಅಂದ.

“ಹೌದಣ್ಣ.”

“ಮರೆತುಹೋಗಿತ್ತಾ?”

ಅವನು ನನಗೆ ಒಂದು ಬಾಗಿಲು ತೆರೆದು ಹಿಡಿದಿದ್ದ. ಮರೆತಿದ್ದೆ ಅಂದಿದ್ದರೆ ನಂಬುತ್ತಿದ್ದ, ನಂಬಬೇಕೆಂದೇ ಬಂದಿದ್ದ. ಅಷ್ಟು ಸುಳ್ಳು ಹೇಳಿದವನಿಗೆ ಇನ್ನೊಂದು ಸುಳ್ಳು ಯಾಕೆ ಬರಲಿಲ್ಲವೋ.

“ಇಲ್ಲ. ಗೊತ್ತಿದ್ದೇ ಹೇಳಿದೆ.”

“ಹಾಗಾದ್ರೆ ತಪ್ಪು ಅನ್ನೋ ಹಾಗಿಲ್ಲ ಬಿಡು ತಮ್ಮಾ,” ಅಂದ. “ತಪ್ಪು ಅಂದ್ರೆ ಗೊತ್ತಿಲ್ದೆ ಆಗೋದು.”

ಅರವನ್ನು ಚೀಲಕ್ಕೆ ಹಾಕಿಕೊಂಡು ಹೋದ.

ಕ್ವಾರ್ಟರ್ಸಿನ ಬೀಗದ ಕೈ ಕೊಡಲು ಅತ್ತಿಗೆ ಬಂದಿದ್ದಳು. ಮನೆ ಎಷ್ಟು ಚೊಕ್ಕಟವಾಗಿತ್ತೆಂದರೆ ನನ್ನ ಹೆಂಡತಿಗೆ ಪೊರಕೆ ಹಿಡಿಯುವ ಕೆಲಸವೇ ಇರಲಿಲ್ಲ. ಗಿಡಗಳನ್ನು ಮಾತ್ರ ತೆಗೆದುಕೊಂಡು ಹೋಗಿದ್ದಳು. ಕಿಟಕಿಯ ಹೊರಗೆ ಡಬ್ಬಗಳ ತುಕ್ಕಿನ ಗುರುತು ದುಂಡಗೆ ಉಳಿದಿತ್ತು. ಬೀಗದ ಕೈಯನ್ನು ನನ್ನ ಹೆಂಡತಿಗೆ ಕೊಟ್ಟಳು, ನನಗಲ್ಲ. ನಲ್ಲಿ ಸ್ವಲ್ಪ ಬಿಗಿ, ಎಡಕ್ಕೆ ಒತ್ತಿ ತಿರುಗಿಸಬೇಕು ಎಂದು ಅವಳಿಗೆ ಹೇಳಿಕೊಟ್ಟಳು. ಹೊರಡುವಾಗ ನನ್ನ ಕಡೆ ತಿರುಗಿ, “ಹತ್ತು ಜನರ ತಲೆಗೆ ಬುದ್ಧಿ ತುಂಬಿದರು ನಿನ್ನಣ್ಣ. ಒಬ್ಬನ ಬಾಯಿಂದ ಒಂದು ಮಾತು ಬರಲಿಲ್ಲ,” ಅಂದಳು. ನನ್ನ ಮಕ್ಕಳು ಎರಡು ಕೋಣೆಯ ನಡುವೆ ಓಡಾಡಿ ಕುಣಿಯುತ್ತಿದ್ದರು.

ಈಗ ನನ್ನ ಕೆಲಸ ಮಷಿನ್ ತಕ್ಕಡಿಯ ಮೇಲೆ ಬಟ್ಟು ಇಟ್ಟು, ಅಂಕಿ ಓದಿ, ಚೀಟಿ ಅಂಟಿಸುವುದು. ಯೋಚಿಸುವಂಥದ್ದು ಏನೂ ಇಲ್ಲ. ನಾನು ಒಬ್ಬನೇ ಇರುವುದರಿಂದ ಒಗಟು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಹತ್ತೂವರೆಗೆ ಒಬ್ಬನೇ ಚಹಾ ಕುಡಿಯುತ್ತೇನೆ.

ಎಂಟು ತಿಂಗಳ ಮೇಲೆ ಒಲೆಯವನು ಸಿಕ್ಕಿ, ಗಂಟಣ್ಣ ಎಲ್ಲಿದ್ದಾನೆಂದು ಹೇಳಿದ. ಒಬ್ಬ ಗುಜರಿಯವನ ಹತ್ತಿರ ತೂಕದವನಾಗಿ ಸೇರಿದ್ದಾನಂತೆ. ನನಗೆ ನಗು ಬಂತು, ಆಮೇಲೆ ಅರ್ಥವಾಯಿತು. ಜನ್ಮವಿಡೀ ಯಾರ ಬಟ್ಟಿನಿಂದ ಕಳ್ಳ ಸೀಸ ಕೆರೆದು ತೆಗೆದನೋ, ಅವರ ಬಾಗಿಲಲ್ಲೇ ಅವನನ್ನು ಕೂರಿಸಿದ್ದೆ.

ಮರುದಿನ ಮಧ್ಯಾಹ್ನ ರಜೆ ಹಾಕಿ ಹೋದೆ. ತುಕ್ಕು ಹಿಡಿದ ಕಂಬಿ, ಹಳೆಯ ಕಾಗದದ ಕಟ್ಟುಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದ. ಎದುರಿಗೆ ದೊಡ್ಡ ತಕ್ಕಡಿ ತೂಗುತ್ತಿತ್ತು. ಸಾಮಾನು ತಂದವರು ಸಾಲಾಗಿ ನಿಂತಿದ್ದರು. ನಾನೂ ಸಾಲಿನಲ್ಲಿ ನಿಂತೆ. ದಾರಿಯುದ್ದಕ್ಕೂ ಹೇಳಬೇಕೆಂದು ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಸರದಿ ಬರುವಷ್ಟರಲ್ಲಿ ಉದುರಿಹೋದವು. ಜೇಬಿನಲ್ಲಿ ಚೀಟಿ ಇತ್ತು. ಅದರಲ್ಲಿ ‘ಮೂರು’ ಎಂದು ಬರೆದಿದ್ದೆ. ಮ್ಯಾನೇಜರಿಗೂ ಇದನ್ನೇ ಬರೆದು ಕೊಡುತ್ತೇನೆ ಎಂದು ಹೇಳುವವನಿದ್ದೆ. ಕೊಡುತ್ತಿದ್ದೆನೋ ಇಲ್ಲವೋ, ದೇವರಾಣೆಗೂ ನನಗೆ ಗೊತ್ತಿಲ್ಲ. ಚೀಟಿಯನ್ನು ತಕ್ಕಡಿಯ ಎಡದ ತಟ್ಟೆಯಲ್ಲಿ ಇಟ್ಟೆ.

ಗಂಟಣ್ಣ ನನ್ನ ಮುಖ ನೋಡಿದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚೀಟಿ ತೆಗೆದು, ಕನ್ನಡಕ ಸರಿಮಾಡಿಕೊಂಡು ಓದಿದ. ಅವನ ಬಲಗೈ ಬಟ್ಟುಗಳ ಸಾಲಿನ ಕಡೆಗೆ ಹೋಯಿತು. ಹಳೆಯ ಅಭ್ಯಾಸ, ಬೆರಳು ಅಲ್ಲಿದ್ದುದರಲ್ಲೆಲ್ಲ ಚಿಕ್ಕ ಬಟ್ಟಿನ ಮೇಲೆ ಒಂದು ಕ್ಷಣ ನಿಂತಿತು.

ಕೈ ಹಾಗೇ ಹಿಂದಕ್ಕೆ ಬಂತು. ಚೀಟಿಯನ್ನು ನಾಲ್ಕಾಗಿ ಮಡಚಿ, ನನ್ನ ಅಂಗೈ ಬಿಡಿಸಿ ಅದರೊಳಗಿಟ್ಟ. ಆಮೇಲೆ ನನ್ನ ಹಿಂದೆ ಹಳೆ ಪಾತ್ರೆ ಹಿಡಿದು ನಿಂತಿದ್ದ ಹೆಂಗಸನ್ನು ನೋಡಿ, ಮುಂದೆ ಬಾರಮ್ಮ ಎಂದು ಕರೆದ.