ಅತ್ತೆಯ ದೂರನ್ನು ನಾನೇ ತಮಿಳಿನಲ್ಲಿ ಹೇಳಿದ್ದು

ಅರುವತ್ತರ ದಶಕದ ನಡುವಿನ ಮಾತು. ನಾವು ತಮಿಳು ಸೀಮೆಯ ಕಂಬಂ ಕಡೆಯ ಕನ್ನಡದವರು. ಕೈ ನಡುಗುತ್ತದೆಂದು ಅತ್ತೆಯಿಂದ ಒಲೆ ಬಿಡಿಸಿದ್ದೆವು, ಹಾಲು ಕರೆಯುವುದನ್ನೂ ಬಿಡಿಸಿದ್ದೆವು. ಅಂದಿನಿಂದ ಅವರು ನಾನು ಬಡಿಸಿದ ಮೊದಲ ತುತ್ತನ್ನು ಹಿತ್ತಿಲ ನಾಯಿಗೆ ಹಾಕಿ, ಅದಕ್ಕೇನೂ ಆಗಲಿಲ್ಲವೆಂದು ನೋಡಿಕೊಂಡೇ ಉಣ್ಣುತ್ತಿದ್ದರು. ನಾನು ಸಾರಿನ ಪಾತ್ರೆ ಮುಟ್ಟಿದರೆ ಬಾಗಿಲ ಸಂದಿಯಲ್ಲಿ ಅವರ ಸೀರೆಯ ಅಂಚು ಕಾಣುತ್ತಿತ್ತು. ಬರಬರುತ್ತಾ ನನಗೂ ಅವರ ಮೇಲೆ ಅನುಮಾನ ಹುಟ್ಟಿತು. ನನ್ನನ್ನು ತವರಿಗೆ ಅಟ್ಟಲು ಹೂಡಿದ ಆಟವೇ ಇದು?

ದಿಂಡಿಗಲ್ಲಿನಲ್ಲಿ ಮನಸ್ಸಿನ ತೊಂದರೆ ನೋಡುವ ಡಾಕ್ಟರಮ್ಮ ಇದ್ದಾರೆಂದು ನೆಂಟರು ಹೇಳಿದರು. ನನ್ನ ಗಂಡನಿಗೆ ನಂಬಿಕೆಯಿರಲಿಲ್ಲ. "ಮಾತಾಡಿಸಿ ವಾಸಿ ಮಾಡ್ತಾರಂತೆ. ಮಾತಾಡಾಕೆ ದಿಂಡಿಗಲ್ಲಿಗೆ ಯಾಕೆ ಹೋಗ್ಬೇಕು?" ಅಂದರು. ಆದರೂ ಒಂದು ಬೆಳಿಗ್ಗೆ ನಮ್ಮಿಬ್ಬರನ್ನೂ ಕಂಬಂನಲ್ಲಿ ಬಸ್ಸು ಹತ್ತಿಸಿದರು. ಅತ್ತೆ ನನ್ನ ಪಕ್ಕ ಕೂರಲಿಲ್ಲ.

ಡಾಕ್ಟರಮ್ಮನಿಗೆ ಕನ್ನಡ ಬಾರದು. ಸಂತೆಯಲ್ಲಿ ತಮಿಳಿನಲ್ಲೇ ಜಗಳವಾಡಿ ಗೆಲ್ಲುವ ಅತ್ತೆ ಅಲ್ಲಿ ಕೂತು, "ನಂಗೆ ತಮಿಳು ಬರಾಕಿಲ್ಲ. ನಾನು ಹೇಳಿದ್ದ ಇವಳೇ ಹೇಳ್ಲಿ" ಅಂದರು. ಇದು ಪರೀಕ್ಷೆ ಎಂದು ನನಗೆ ಗೊತ್ತಾಯಿತು.

"ಇವಳು ಊಟದಾಗೆ ನಂಗೆ ಮದ್ದು ಹಾಕ್ತಾಳೆ. ನಾನು ಸಾಯ್ಲಿ ಅಂತ ಕಾಯ್ತಾ ಅವಳೆ."

ನನ್ನ ಮೇಲಿನ ದೂರನ್ನು ನಾನೇ ತಮಿಳಿಗೆ ತರಬೇಕು. ಒಂದು ಮಾತೂ ಬಿಡದೆ ಹೇಳಿದೆ. ಅತ್ತೆ ನನ್ನ ತುಟಿಯನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಡಾಕ್ಟರಮ್ಮನ ಕಡೆ ತಿರುಗಿ, "ಸರಿಯಾತ್ತಾನ್ ಸೊನ್ನಾ", ಸರಿಯಾಗೇ ಹೇಳಿದಳು, ಎಂದು ಅಚ್ಚ ತಮಿಳಿನಲ್ಲಿ ನನ್ನ ಪರವಾಗಿ ಸಾಕ್ಷಿ ನುಡಿದರು.

ಡಾಕ್ಟರಮ್ಮ ನಗಲಿಲ್ಲ. "ಅಜ್ಜಿ, ನಿಮ್ಮ ಅಮ್ಮ ವಯಸ್ಸಾದಾಗ ಹೇಗಿದ್ದರು?" ಎಂದು ತಮಿಳಿನಲ್ಲಿ ಕೇಳಿದರು.

ಅತ್ತೆ ಕನ್ನಡದಲ್ಲಿ, ನನಗೇ ಹೇಳಿದರು: "ನಮ್ಮವ್ವಂಗೆ ಕಡೇಲಿ ಮಕ್ಕಳ ಗುರ್ತೇ ಸಿಗ್ತಿರ್ಲಿಲ್ಲ. ಮೊದ್ಲು ಒಲೆ ಬಿಡಿಸಿದ್ರು. ಆಮೇಲೆ ಕೊಟ್ಟಿಗೇಲಿ ಮಲಗಿಸಿದ್ರು. ನಂಗೂ ಅಂಗೇ ಆಯ್ತದೆ."

ಇದನ್ನೂ ಒಂದು ಮಾತು ಬಿಡದೆ ತಮಿಳಿನಲ್ಲಿ ಹೇಳಿದೆ.

ಡಾಕ್ಟರಮ್ಮ ಮಾತ್ರೆ ಕೊಡಲಿಲ್ಲ. ಆಗಾಗ ಬನ್ನಿ, ಬಿಡಿಸಿದ ಕೆಲಸಗಳಲ್ಲಿ ಒಂದನ್ನಾದರೂ ವಾಪಸು ಕೊಡಿ ಎಂದರು. ಹಾಲು ಕರೆಯುವುದನ್ನು ಕೊಟ್ಟೆವು. ಅರ್ಧ ಹಾಲು ನೆಲಕ್ಕೆ ಹೋಗುತ್ತಿತ್ತು, ಯಾರೂ ಮಾತಾಡಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ದಿಂಡಿಗಲ್ಲಿಗೆ ಹೋಗಿಬಂದೆವು. ಯಾವಾಗಲೋ ಅತ್ತೆ ಬಸ್ಸಿನಲ್ಲಿ ನನ್ನ ಪಕ್ಕ ಕೂರತೊಡಗಿದರು.

ಅನುಮಾನ ಪೂರ್ತಿ ಹೋಯಿತೆನ್ನಲಾರೆ. ಕೆಲವು ದಿನ ಸಾರನ್ನು ಮೂಸಿ ನನ್ನ ಮುಖ ನೋಡುತ್ತಿದ್ದರು. ಆಗ ನಾನೂ ಅದೇ ಸೌಟಿನಿಂದ ಬಡಿಸಿಕೊಂಡು, ಅವರ ಎದುರೇ ಕೂತು ಉಣ್ಣುತ್ತಿದ್ದೆ.