ಡೈರೆನ್ ಅಜ್ಜಿಯೂ ನನ್ನ ಜೋಳದ ರೊಟ್ಟಿಯೂ

ಲಂಡನ್ನಿಗೆ ಬಂದ ಐದು ವರ್ಷಗಳಲ್ಲಿ ನನ್ನ ಜೋಳದ ರೊಟ್ಟಿಯನ್ನು ವಾಸನೆಯಿಂದಲೇ ಗುರುತು ಹಿಡಿದ ಪರದೇಶದವರು ಒಬ್ಬರೇ. ಗುರುತು ಹಿಡಿದವರೇ ತಟ್ಟೆಯನ್ನು ಅತ್ತ ಸರಿಸಿ, "ಇದು ಕೂಲಿಗಳ ಊಟ" ಎಂದರು.

ಅವರು ನಮ್ಮ ಮನೆಯೊಡತಿ ಫುಮಿಕೊ ಅಜ್ಜಿ. ವಯಸ್ಸು ತೊಂಬತ್ತು. ಕಿಂಗ್ಸ್‌ಬರಿಯ ಈ ಮನೆಯ ಕೆಳಗಡೆ ಅವರಿದ್ದಾರೆ. ಮೇಲಿನ ಫ್ಲ್ಯಾಟಿನಲ್ಲಿ ನಾನು, ನನ್ನ ಗಂಡ, ಎಂಟು ವರ್ಷದ ಮಗಳು. ಇದಕ್ಕೆ ಮೊದಲು ಫೆಲ್ಥಮ್‌ನಲ್ಲಿ ಎರಡು ಮನೆ ಬಿಡಬೇಕಾಯಿತು. ಒಂದು ಮಾರಾಟವಾಯಿತು, ಇನ್ನೊಂದಕ್ಕೆ ಮಾಲೀಕನ ತಮ್ಮ ಬಂದ. ಎರಡು ಸಲವೂ ಮಗಳ ಶಾಲೆ ಬದಲಾಗಿ ಅವಳು ಮಾತನ್ನೇ ಕಡಿಮೆ ಮಾಡಿದ್ದಳು. ಇಲ್ಲಿ ಮೊದಲ ಬಾರಿಗೆ ಅವಳಿಗೊಬ್ಬ ಗೆಳತಿ ಸಿಕ್ಕಿದ್ದಾಳೆ. ಏನೇ ಆಗಲಿ, ಈ ಮನೆ ಬಿಡಬಾರದು ಎಂಬುದು ನನ್ನ ಹಟ.

ನಮ್ಮ ವಿಜಯಪುರದಲ್ಲಿ ಬಾಡಿಗೆಗೆ ಹೊಸಬರು ಬಂದರೆ ಮನೆಯೊಡತಿ ಮೊದಲ ದಿನವೇ ಒಂದು ಬಟ್ಟಲು ಪಲ್ಯ ಕಳಿಸುತ್ತಾಳೆ. ಎರಡನೆಯ ದಿನಕ್ಕೆ ಊರು, ಕುಲ, ಸಂಬಳ ಎಲ್ಲ ಕೇಳಿ ಮುಗಿಸಿರುತ್ತಾಳೆ. ಇಲ್ಲಿ ಏಜೆಂಟ್ ಬಂದು ಗೋಡೆಯ ಗೀರುಗಳ ಫೋಟೊ ತೆಗೆದುಕೊಂಡು ಹೋದಳು, ಅಷ್ಟೇ. ಏನೂ ಕೇಳದಿರುವುದೇ ಇಲ್ಲಿ ಸಭ್ಯತೆ. ನನಗೋ ನಾಲಿಗೆ ತುರಿಸುತ್ತಿತ್ತು. ನಾನೇ ಕೆಳಗಿಳಿದು ಅಜ್ಜಿಯೊಂದಿಗೆ ಮಾತಿಗೆ ಕುಳಿತೆ. ಅವರು ನನ್ನನ್ನು "ಡಿಯರ್" ಎನ್ನುತ್ತಿದ್ದರು. ಅಷ್ಟಕ್ಕೇ ಉಬ್ಬಿಹೋಗಿದ್ದೆ.

ಅಜ್ಜಿ ಹುಟ್ಟಿದ್ದು ಡೈರೆನ್‌ನಲ್ಲಿ. ಚೀನಾದ ಈಶಾನ್ಯ ಮೂಲೆಯ ಬಂದರು ಅದು, ಇಂದಿನ ಡಾಲಿಯನ್. ಚೀನಾದಿಂದ ರಷ್ಯಾ ಗುತ್ತಿಗೆಗೆ ಪಡೆದಿದ್ದ ಆ ನೆಲವನ್ನು ಯುದ್ಧದಲ್ಲಿ ಗೆದ್ದ ಜಪಾನ್, ಕ್ವಾಂಟುಂಗ್ ಎಂಬ ಹೆಸರಿನಲ್ಲಿ ನಲವತ್ತು ವರ್ಷ ಆಳಿತು. ಕಾಗದದ ಮೇಲೆ ಗುತ್ತಿಗೆದಾರರು, ನಡೆಯಲ್ಲಿ ಧಣಿಗಳು. ಆನೆ ನಡೆದದ್ದೇ ದಾರಿ.

"ಅಕೇಶಿಯಾ ಹೂ ಬಿಟ್ಟರೆ ಬೀದಿಗೆ ಬೀದಿಯೇ ಘಮ್ಮೆನ್ನುತ್ತಿತ್ತು, ಡಿಯರ್. ಅದೇ ನನ್ನ ಊರು" ಎನ್ನುವಾಗ ಅಜ್ಜಿಯ ಕಣ್ಣು ತುಂಬುತ್ತಿತ್ತು. ಹತ್ತು ವರ್ಷದವರಿದ್ದಾಗ ಜಪಾನ್ ಸೋತಿತು. ಹನ್ನೆರಡಕ್ಕೆ ಹಡಗು ಹತ್ತಿದರು. ಇಂಗ್ಲೆಂಡಿನವನನ್ನು ಮದುವೆಯಾಗಿ ಇಲ್ಲಿಗೆ ಬಂದು ಅರವತ್ತು ವರ್ಷ. ಊರು ಬಿಟ್ಟವರ ಸಂಕಟ ಊರು ಬಿಟ್ಟವರಿಗೇ ಗೊತ್ತು ಎಂದು ನಾನೂ ಅತ್ತಿದ್ದೇನೆ. ಒಳಗೊಳಗೇ ಹೊಟ್ಟೆಕಿಚ್ಚೂ ಆಗುತ್ತಿತ್ತು. ಪರರ ನೆಲದಲ್ಲಿ ಹನ್ನೆರಡು ವರ್ಷ ಕಳೆದವರು ಅದನ್ನು ಎದೆಯುಬ್ಬಿಸಿ ನನ್ನ ಊರು ಎನ್ನಬಹುದು. ನನ್ನ ಮಗಳು ಕಿಂಗ್ಸ್‌ಬರಿಯವಳು ಎಂದರೆ, "ಅದಲ್ಲ, ನಿಜವಾಗಿ ಎಲ್ಲಿಯವಳು?" ಎಂದು ಕೇಳುತ್ತಾರೆ.

ಸಂಕ್ರಾಂತಿಯ ಹಿಂದಿನ ದಿನ ಭೋಗಿ. ನಮ್ಮ ಕಡೆ ಅಂದು ಎಳ್ಳು ಹಚ್ಚಿದ ರೊಟ್ಟಿ ಬಡಿದು ನೆರೆಮನೆಗಳಿಗೆ ಹಂಚದಿದ್ದರೆ ಹಬ್ಬವೇ ಅಲ್ಲ. ಸಜ್ಜೆ ಹಿಟ್ಟು ಸಿಗಲಿಲ್ಲವೆಂದು ಜೋಳದಲ್ಲೇ ಬಡಿದೆ. ತವರಿನಲ್ಲಿ ದಿನಾ ಬೆಳಿಗ್ಗೆ ರೊಟ್ಟಿ ಮಾಡಿಕೊಡಲು ಬರುತ್ತಿದ್ದ ರೊಟ್ಟಿ ಅಕ್ಕ ಕಲಿಸಿದ ಕೈ. ಕಾಗದದಷ್ಟು ತೆಳ್ಳಗೆ ಬಂದಿದ್ದವು. ಶೇಂಗಾ ಚಟ್ನಿಯೊಂದಿಗೆ ಕೆಳಗೆ ಒಯ್ದೆ.

ಅಜ್ಜಿ ಮುರಿದರು, ಮೂಸಿದರು. "ಕೋರ್ಯಾನ್!" ಎಂದರು. ಜೋಳಕ್ಕೆ ಅಲ್ಲಿದ್ದ ಜಪಾನಿಗಳ ಮಾತು ಅದು. "ನಮಗೆ ಅಕ್ಕಿ, ಚೀನೀಯರಿಗೆ ಇದು" ಎಂದು ತಟ್ಟೆ ಸರಿಸಿದರು. ಕೂಲಿಗಳ ಮಾತು ಆಮೇಲೆ ಬಂತು. ಮುಖಕ್ಕೆ ಹೊಡೆದಂತಾಯಿತು. ಹಬ್ಬದ ರೊಟ್ಟಿಯನ್ನು ವಾಪಸು ತಂದದ್ದು ಅದೇ ಮೊದಲು.

ವಾರ ಕಳೆದು ಹೊಸ ವರ್ಷದ ಬಾಡಿಗೆ ಕರಾರು ಬಂತು. ಒಂದು ಸಾಲು ಹೊಸದು: ಅಡುಗೆಮನೆಯಲ್ಲಿ ಬಡಿಯುವ, ಕುಟ್ಟುವ ಕೆಲಸ ಕೂಡದು.

"ಸುಮ್ನ ಸಹಿ ಮಾಡು. ಮತ್ತ ಮನಿ ಹುಡ್ಕೂದು ನನ್ನ ಕೈಲೆ ಆಗೂದಿಲ್ಲ" ಎಂದರು ಇವರು, ವಿಮಾನ ನಿಲ್ದಾಣದ ಪಾಳಿ ಮುಗಿಸಿ ಬಂದು ಬೂಟು ಬಿಚ್ಚುತ್ತ.

"ರೊಟ್ಟಿ?"

"ಅನ್ನ ಉಂಡ್ರ ಸಾಯ್ತೀವೇನು?"

ಸಹಿ ಮಾಡದೆ ಕಾಗದ ಹಿಡಿದು ಕೆಳಗಿಳಿದೆ. ಆ ಸಾಲು ತೋರಿಸಿ, ಯಾಕೆ ಎಂದು ಕೇಳಿದೆ. ಅಜ್ಜಿ ಕಿಟಕಿಯ ಕಡೆ ನೋಡುತ್ತ ಹೇಳಿದರು: "ರೊಟ್ಟಿ ಬಡಿಯುವ ಸದ್ದು ಕೇಳಿದರೆ ಈಗ ಆ ವಾಸನೆ ನೆನಪಾಗುತ್ತದೆ, ಡಿಯರ್. ಸೋತ ವರ್ಷದ ಚಳಿಗಾಲ ನಮಗೆ ಅಕ್ಕಿ ಸಿಗಲಿಲ್ಲ. ಮನೆಗೆಲಸದ ಚೀನೀ ಹೆಂಗಸನ್ನು ಅಪ್ಪ ಆಗಲೇ ಬಿಡಿಸಿದ್ದರು. ಆದರೂ ಅವಳು ತನ್ನ ಮನೆಯಿಂದ ಕೋರ್ಯಾನ್ ಗಂಜಿ ತಂದುಕೊಟ್ಟಳು, ವಸಂತ ಬರುವವರೆಗೆ. ಅದನ್ನು ಕುಡಿದೇ ಬದುಕಿದೆವು. ಅಮ್ಮ ನಾಚಿಕೆಯಿಂದ ಅಳುತ್ತಲೇ ಕುಡಿಯುತ್ತಿದ್ದಳು."

ಕರಗಬೇಕಿತ್ತು ನಾನು. ಕರಗಲಿಲ್ಲ. "ಆಕೆಯ ಹೆಸರೇನು?" ಎಂದು ಕೇಳಿದೆ.

"ಅಮಾ ಅನ್ನುತ್ತಿದ್ದೆವು. ಕೆಲಸದವರೆಲ್ಲ ಅಮಾ."

"ಅವಳ ಹೆಸರು?"

"ಕೇಳಲಿಲ್ಲ."

"ನನ್ನ ಹೆಸರು ಗೊತ್ತೇ?"

ಅಜ್ಜಿಯ ಕಣ್ಣು ನನ್ನ ಕೈಯಲ್ಲಿದ್ದ, ನನ್ನ ಹೆಸರು ಬರೆದಿದ್ದ ಕರಾರಿನ ಮೇಲೆ ಹರಿಯಿತು. ಕನ್ನಡಕ ಅವರ ಬಳಿ ಇರಲಿಲ್ಲ. ಎರಡು ವರ್ಷ ಮೇಲೆ ಕೆಳಗೆ ಬದುಕಿದ್ದೇವೆ. ಅವರು ತಲೆ ತಗ್ಗಿಸಿದರು. ನಾನು ಗೆದ್ದವಳಂತೆ ಮೆಟ್ಟಿಲು ಹತ್ತಿದೆ.

ಆ ಗೆಲುವಿನ ಬಿಸಿಯಲ್ಲೇ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ಎಲ್ಲ ಹೇಳಿದೆ. "ಎಂಥಾ ಮಂದಿ ಅವ್ರು!" ಎಂದು ಅಮ್ಮ ಕೆನ್ನೆ ಬಡಿದುಕೊಂಡಳು. ನಾನೂ ನಕ್ಕೆ. ನಗುತ್ತಲೇ ಬಾಯಿಗೆ ಬಂತು: "ಅವ್ವಾ, ನಮ್ಮ ರೊಟ್ಟಿ ಅಕ್ಕನ ಹೆಸರೇನಿತ್ತು?"

"ಯಾರು, ರೊಟ್ಟಿ ಅಕ್ಕಂದಾ? ರೊಟ್ಟಿ ಅಕ್ಕ ಅಂತಿದ್ವಲ್ಲ."

"ಹೆಸರು, ಅವ್ವಾ."

"ಇಪ್ಪತ್ತು ವರ್ಷ ಬಂದ್ಲು ನೋಡು. ಹೆಸರು ಯಾರ್ ಕೇಳ್ಯಾರ? ಯಾಕ, ಈಗ್ಯಾಕ ಬೇಕು?"

ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದೆಲೆಯ ನೊಣ ತೋರಿಸಿದ್ದೆ. ನನ್ನ ಊರು, ನನ್ನ ಊರು ಎಂದು ನಾನು ಇಲ್ಲಿ ಕುಳಿತು ಹಂಬಲಿಸುವ ಮನೆಯಲ್ಲೂ ಒಬ್ಬ ಅಮಾ ಇದ್ದಳು. ಅವಳು ಕಲಿಸಿದ ಕೈ ನನ್ನದು.

ಕರಾರಿಗೆ ಸಹಿ ಮಾಡಿದೆ. ಮಗಳ ಶಾಲೆ ಉಳಿಯಿತು. ಜೋಳದ ಹಿಟ್ಟಿನ ಡಬ್ಬಿ ಕಪಾಟಿನಲ್ಲಿದೆ, ತೆರೆಯುವುದಿಲ್ಲ. ಈಗ ಮೇಲಿನ ಮನೆಯಲ್ಲೂ ಕೆಳಗಿನ ಮನೆಯಲ್ಲೂ ಅನ್ನವೇ ಉಣ್ಣುತ್ತೇವೆ.