ಹುಲ್ಲಿನಲ್ಲಿ ಕೂತು ಗೆದ್ದವಳು

ಆಗ ನನಗೆ ಅರವತ್ತೊಂಬತ್ತು. ಮೂರು ವರ್ಷದ ಹಿಂದಿನ ಮಾತು. ನಿನ್ನೆ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಕಾಲೇಜು ಹುಡುಗಿ ಮೊಬೈಲಿನಲ್ಲಿ ಟಪಟಪ ಗುಂಡು ಹೊಡೆದು ಜನರನ್ನು ಉರುಳಿಸುತ್ತಿದ್ದಳು. ಅದನ್ನು ಕಂಡಾಗ ನನಗೆ ಮೊಮ್ಮಗಳು ರಶ್ಮಿ ನೆನಪಾದಳು. ರಶ್ಮಿಯೂ ಇಂಥದೇ ಆಟ ಆಡುತ್ತಿದ್ದಳು. ಆದರೆ ಒಬ್ಬನನ್ನೂ ಕೊಲ್ಲುತ್ತಿರಲಿಲ್ಲ.

ನಗಬೇಡಿ. ಮೀನು ಮಾರಿದ ಮುದುಕಿಗೆ ಟಿವಿ ಆಟದ ಸುದ್ದಿ ಏಕೆ ಎಂದು ಕೇಳುತ್ತೀರಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಆ ಆಟದ ಹೆಸರು ಓದಲಿಕ್ಕೂ ಬರುವುದಿಲ್ಲ. ಆದರೆ ನೋಡಲಿಕ್ಕೆ ಕಣ್ಣು ಸಾಕಲ್ಲ.

ರಶ್ಮಿ ನನ್ನ ಮಗಳ ಮಗಳು. ಆ ವರ್ಷ ಬಾಳಂತನಕ್ಕೆ ಹೆಮ್ಮಾಡಿಯ ನಮ್ಮ ಮನೆಗೆ ಬಂದಿದ್ದಳು. ಮಗಳು ಬೆಳಗಾದರೆ ಗೇರುಬೀಜದ ಫ್ಯಾಕ್ಟರಿಗೆ ಹೋಗುವವಳು. ಹಾಗಾಗಿ ಎಣ್ಣೆ ಹಚ್ಚುವುದು, ಮೀಯಿಸುವುದು, ಕಷಾಯ ಕುದಿಸುವುದು ಎಲ್ಲ ನನ್ನ ಪಾಲಿಗೆ. ಹೆರಿಗೆಯಲ್ಲಿ ಅವಳಿಗೆ ರಕ್ತ ಬಹಳ ಹೋಗಿತ್ತು. ಮೂರನೇ ತಿಂಗಳು ನಡೆಯುತ್ತಿದ್ದರೂ ಮೀಯುವ ಕೋಣೆಯಿಂದ ಒಳಗೆ ಬರುವಷ್ಟರಲ್ಲಿ ಗೋಡೆ ಹಿಡಿಯುತ್ತಿದ್ದಳು. ಬೆನ್ನಿಗೆ ಬಿಸಿನೀರು ಹೊಡೆಯುವಾಗ ಮೂಳೆ ಎಣಿಸಬಹುದಿತ್ತು.

ಅವಳ ಗಂಡ ಬೋಟಿಗೆ ಹೋಗುವವನು. ಮಳೆಗಾಲದಲ್ಲಿ ಬೋಟು ಮೇಲೆ ಕಟ್ಟಿದ ಮೇಲೆ ಒಂದು ದಿನ ಬಂದು, ಟಿವಿಗೆ ಸಿಕ್ಕಿಸುವ ಕಪ್ಪು ಪೆಟ್ಟಿಗೆಯೊಂದನ್ನೂ ಕೈಯಲ್ಲಿ ಹಿಡಿಯುವ ಹಿಡಿಯೊಂದನ್ನೂ ಕೊಟ್ಟುಹೋದ. ಹೆಂಡತಿಗೆ ಬೇಜಾರು ಬರಬಾರದಂತೆ. ನಾನು ಕೂಗಾಡಿದೆ. ಬಾಳಂತಿ ಕಿವಿಗೆ ಹತ್ತಿ ಇಟ್ಟು ಮಲಗುವುದು ಬಿಟ್ಟು ಟಿವಿ ನೋಡುವುದೆಂದರೆ ಏನು? ಕಣ್ಣು ಹೋಗುವುದಿಲ್ಲವೇ? ಅವಳು ಹೂಂ ಹೂಂ ಎಂದಳು. ಮರುದಿನ ನೋಡುವಾಗ ಕಿವಿಗೆ ಹತ್ತಿಯೂ ಇತ್ತು, ಟಿವಿಯೂ ಓಡುತ್ತಿತ್ತು.

ಆಟ ಹೀಗೆ. ಯಾವುದೋ ರಾಜರ ಕಾಲ. ಕಪ್ಪು ಬಟ್ಟೆ ಸುತ್ತಿಕೊಂಡ ಒಬ್ಬ ಹೆಂಗಸು. ಕೋಟೆಯ ಒಳಗೆ ಅವಳ ತಂಗಿಯನ್ನು ಕೂಡಿಹಾಕಿದ್ದಾರೆ, ಬಿಡಿಸಿಕೊಂಡು ಬರಬೇಕು. ಹೆಜ್ಜೆಹೆಜ್ಜೆಗೆ ಕಾವಲು. ಹೆಂಗಸಿನ ಸೊಂಟದಲ್ಲಿ ಉದ್ದ ಕತ್ತಿ. ರಶ್ಮಿ ಕಾಲು ಚಾಚಿ ಕೂತು, ಮೊಳಕಾಲಿನ ಮೇಲೆ ಮಗುವನ್ನು ಮಲಗಿಸಿ, ಟಿವಿಯ ಸದ್ದು ಪೂರಾ ತೆಗೆದು, ಆ ಹೆಂಗಸನ್ನು ಹುಲ್ಲಿನ ಒಳಗೆ ಕೂರಿಸುತ್ತಿದ್ದಳು. ಕೂರಿಸಿದರೆ ಕೂರಿಸಿದ್ದೇ. ನಾನು ಒಲೆಗೆ ಕಟ್ಟಿಗೆ ಹಾಕಿ ಬಂದರೂ ಅವಳು ಹುಲ್ಲಿನಲ್ಲೇ.

"ಹೊಡಿ ಹೆಣೆ! ಸೊಂಟದಂಗೆ ಕತ್ತಿ ಇತ್ತಲೆ, ಎಂತಕ್ ಇಟ್ಕಂಡದ್? ಬಾಳೆಕಾಯಿ ಕೊಯ್ಯುಕಾ?"

"ಸುಮ್ನ್ ಕೂಕೋ ಅಮ್ಮಮ್ಮ. ಅವ್ನ್ ತಿರ್ಗಲಿ."

"ತಿರ್ಗುಕ್ ಎಂತಕ್ ಕಾಯುದ್? ಒಬ್ಬನೇ ಇದ್ದ!"

"ಹೊಡುದ್ ಸುಲಭ. ಒಬ್ಬನ್ನ ಹೊಡ್ದ್ರೆ ಹತ್ತ್ ಜನ ಬತ್ರ್. ಮತ್ ಹತ್ತ್ ಜನ್ರನ್ನೂ ಹೊಡೀಕ್."

"ಹೊಡಿ. ಹತ್ತ್ ಜನ್ರನ್ನೂ ಹೊಡಿ!"

ನನಗೆ ನಿಜವಾಗಿ ಸಿಟ್ಟು ಬರುತ್ತಿತ್ತು. ನಾನು ಬದುಕಿದ ರೀತಿ ಬೇರೆ. ಕುಂದಾಪುರದ ಮೀನು ಮಾರ್ಕೆಟಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕೂತವಳು ನಾನು. ಅಲ್ಲಿ ಮೆಲ್ಲಗೆ ಮಾತಾಡಿದವಳ ಜಾಗದಲ್ಲಿ ಮರುದಿನ ಬೇರೆಯವಳ ಬುಟ್ಟಿ ಇರುತ್ತದೆ. ಒಮ್ಮೆ ಬಸ್ಸಿನಲ್ಲಿ ಬಿಳಿ ಅಂಗಿಯವನೊಬ್ಬ ಮೂಗು ಮುಚ್ಚಿಕೊಂಡು, ಈ ಹೆಂಗಸನ್ನು ಕೆಳಗಿಳಿಸಿ ಎಂದು ಕಂಡಕ್ಟರನಿಗೆ ಹೇಳಿದ. ನಾನು ಎದ್ದು ನಿಂತು, ನೀರು ಸೋರುವ ಬುಟ್ಟಿಯನ್ನು ಅವನ ತೊಡೆಯ ಮೇಲೆ ಇಟ್ಟು, ಒಂದು ಗಳಿಗೆ ಹಿಡಿದುಕೊಳ್ಳಿ, ಸೆರಗು ಸರಿ ಮಾಡಿಕೊಳ್ಳುತ್ತೇನೆ ಎಂದೆ. ಅವನು ಕೋಟೇಶ್ವರದಲ್ಲಿ ಇಳಿಯಬೇಕಾದವನು, ಅದಕ್ಕಿಂತ ಮೊದಲೇ ಇಳಿದ. ಅದು ತಪ್ಪೆಂದು ನನಗೆ ಈಗಲೂ ಅನಿಸುವುದಿಲ್ಲ. ಅತ್ತೆಯ ಜೊತೆಯೂ ಹಾಗೆಯೇ ಬಾಳಿದೆ. ಅವರು ಒಂದು ಅಂದರೆ ನಾನು ನಾಲ್ಕು. ಗೆದ್ದದ್ದು ನಾನೇ. ಆದರೆ ಗೆದ್ದ ಮೇಲೆ ಒಂದೇ ಅಡುಗೆಮನೆಯಲ್ಲಿ ಎರಡು ಒಲೆ ಉರಿಯುತ್ತಿತ್ತು, ಅದೂ ನಿಜ.

ನೋಡುತ್ತ ನೋಡುತ್ತ ನನಗೆ ಆಟದ ರುಚಿ ಹತ್ತಿತು. ಒಬ್ಬ ಕಾವಲಿನವನು ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ರಶ್ಮಿ ಏನು ಮಾಡಿದಳು ಗೊತ್ತೇ? ಒಂದು ಕಲ್ಲು ಹೆಕ್ಕಿ ದೂರದ ಮಡಕೆಗೆ ಎಸೆದಳು. ಅವನು ಸದ್ದಾದ ಕಡೆ ಹೋದ. ಇವಳು ಬಾಗಿಲಿನಿಂದ ಒಳಗೆ. ನಾನು ತೊಡೆ ತಟ್ಟಿ ನಕ್ಕೆ. ನಾವು ಮಾರ್ಕೆಟಿನಲ್ಲಿ ಬೆಕ್ಕಿನ ಕಾಟ ತಪ್ಪಿಸಲಿಕ್ಕೆ ಬಂಗುಡೆಯ ತಲೆಯನ್ನು ಆಚೆ ಎಸೆದು ಈಚೆ ಮೀನು ಕೊಯ್ಯುತ್ತಿದ್ದೆವಲ್ಲ, ಅದೇ ಬುದ್ಧಿ! ಒಂದೊಂದು ಹಂತ ಮುಗಿದಾಗ ಟಿವಿಯಲ್ಲಿ ಏನೇನೋ ಬರೆದು ಬರುತ್ತಿತ್ತು. ಎಷ್ಟು ಜನ ಸತ್ತರೆಂಬ ಲೆಕ್ಕ ಅದು ಎಂದು ಅವಳು ತೋರಿಸಿದಳು. ಅಲ್ಲಿ ಸೊನ್ನೆ ಇತ್ತು. ಸೊನ್ನೆ ನನಗೆ ಓದಲಿಕ್ಕೆ ಬರುತ್ತದೆ.

"ನಿನ್ ಗಂಡ ಹ್ಯಾಂಗೆ ಆಡ್ತ?" ಎಂದು ಕೇಳಿದೆ.

"ಇವ್ರಾ? ಬಾಗ್ಲಂಗೆ ನಿಂತವ್ನಿಂದ ಹಿಡ್ದ್ ಒಳ್ಗಿದ್ದ ರಾಜನ ತನಕ ಎಲ್ಲರನ್ನೂ ಕಡ್ದ್ ಹಾಕ್ತ್ರ್," ಎಂದು ನಕ್ಕಳು. "ಅವ್ರ ಅಮ್ಮನ ಎದ್ರ್ ಮಾತ್ರ ಮಾತ್ ಬತ್ತಿಲ್ಲೆ."

ಅವರಮ್ಮ ಎಂದರೆ ಉಪ್ಪುಂದದ ಗುಲಾಬಿ, ರಶ್ಮಿಯ ಅತ್ತೆ. ಕೆಟ್ಟವಳಲ್ಲ. ಆದರೆ ಮಳೆಗಾಲ ಕಳೆದು ಬೋಟು ನೀರಿಗಿಳಿದರೆ ಅವಳ ಮನೆಯಲ್ಲಿ ಬೋಟಿನ ಜನಕ್ಕೆಲ್ಲ ಬೇಯಿಸಿ ಹಾಕಬೇಕು. ಅನ್ನದ ಹಂಡೆ ಇಳಿಸಲಿಕ್ಕೆ ಎರಡು ಜನ ಬೇಕು. ಅವಳಿಗೆ ಸೊಂಟನೋವು. ಆಸಾಡಿ ತಿಂಗಳು ಹೊಕ್ಕರೆ ಬಾಳಂತಿಯನ್ನು ಗಂಡನ ಮನೆಗೆ ಕಳುಹಿಸುವ ಕ್ರಮ ನಮ್ಮಲ್ಲಿ ಇಲ್ಲ. ಹಾಗಾಗಿ ಆಸಾಡಿಗೆ ಮೊದಲೇ ಸೊಸೆಯನ್ನು ಕರೆದುಕೊಂಡು ಹೋಗಬೇಕೆಂದು ಅವಳು ಹಟ ಹಿಡಿದಿದ್ದಳು. ರಶ್ಮಿ ಹಾಗೆ ಹೋದರೆ ಆ ಹಂಡೆಯ ಅಡಿಯಲ್ಲಿ ಬೀಳುತ್ತಾಳೆ ಎಂದು ನನಗೆ ಗೊತ್ತಿತ್ತು. ಬರಲಿ ಗುಲಾಬಿ, ಒಂದು ಕೈ ನೋಡಿಕೊಳ್ಳುತ್ತೇನೆ ಎಂದು ಮಾತು ಜೋಡಿಸಿ ಇಟ್ಟುಕೊಂಡಿದ್ದೆ. ಒಂದೊಂದು ಮಾತೂ ಮಾರ್ಕೆಟಿನಲ್ಲಿ ಮಸೆದದ್ದು.

"ಅಮ್ಮಮ್ಮ, ಅತ್ತೆ ಬಂದಾಗ ನೀನ್ ಬಾಯಿ ತೆರೂಕಾಗ," ಎಂದಳು ರಶ್ಮಿ.

"ಮತ್ತೆ? ನೀನ್ ಹೋತಿಯಾ?"

"ನಾನೆಲ್ಲಿ ಹೋತೆ ಅಂದೆ?"

ಮಂಗಳವಾರ ಮಧ್ಯಾಹ್ನ ಜೋರು ಮಳೆಯಲ್ಲಿ ಕೊಡೆ ಹಿಡಿದು ಗುಲಾಬಿ ಬಂದಳು. "ಹ್ವಾಯ್, ಮನಿಯಂಗ್ ಇದ್ರಿಯಾ?" ಎಂದು ಒಳಗೆ ಬಂದು ಕಾಲು ಒರೆಸಿಕೊಂಡಳು. ನಾನು ಬಾಯಿ ತೆರೆಯುವಷ್ಟರಲ್ಲಿ ರಶ್ಮಿ ನಿದ್ದೆಯಲ್ಲಿದ್ದ ಮಗುವನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು. ನೋಡಿ ಅವಳ ಉಪಾಯ. ಮಗು ಮಲಗಿದ ತೊಡೆಯನ್ನು ಅಲುಗಿಸುವ ಹಾಗಿಲ್ಲ, ಸ್ವರ ಎತ್ತುವ ಹಾಗಿಲ್ಲ. ನನ್ನನ್ನು ಕಟ್ಟಿಹಾಕಿದಳು.

"ಶನಿವಾರ ಸಂಕ್ರಾಂತಿ, ಅಲ್ಲಿಂದ ಆಸಾಡಿ," ಎಂದಳು ಗುಲಾಬಿ. "ಅದ್ರೊಳ್ಗೆ ಬರ್ಕ್ ನೀನ್. ನಾಳೆಯೇ ರಿಕ್ಷಾ ತತ್ತೆ."

"ಅಕ್ಕ್ ಅತ್ತೆ," ಎಂದು ರಶ್ಮಿ ಒಪ್ಪಿಯೇಬಿಟ್ಟಳು. "ನಾಳೆ ಬುಧವಾರ ಅಲ್ದಾ? ಮಗು ಹುಟ್ಟಿದ್ ವಾರ. ಅಡ್ಡಿಲ್ಯಾ?"

"ಹೌದಲೆ! ಹುಟ್ಟಿದ್ ವಾರ ಹೊರಡ್ಸುಕಾಗ. ಹಾಂಗಾರೆ ಶುಕ್ರವಾರ. ನಮ್ ಮನಿಗೆ ಲಕ್ಷ್ಮಿ ಬಂದಂಗೆ ಆತ್."

"ಶುಕ್ರವಾರ ನಂಗೂ ಖುಷಿ ಅತ್ತೆ. ಸುಜಾತಕ್ಕನ್ ಬಾಳಂತನ ಮುಗ್ಸಿ ನೀವ್ ಕಳ್ಸದ್ದ್ ಯಾವ್ ವಾರ?"

ಸುಜಾತ ಎಂದರೆ ಗುಲಾಬಿಯ ಸ್ವಂತ ಮಗಳು. "ಅವ್ರ ಮನಿಯವ್ರ್ ಶುಕ್ರವಾರ ಅಂತ್ಲೇ ಹೇಳಿರ್. ನಾನ್ ಬಿಡ್ಲಿಲ್ಲೆ. ಮನಿ ಹೆಣ್ಣನ್ನ ಶುಕ್ರವಾರ ಯಾರಾರೂ ಹೊರ್ಗ್ ಕಳ್ಸ್ತ್ರಾ?" ಎಂದು ಜೋರಿನಲ್ಲಿ ಶುರು ಮಾಡಿದ ಗುಲಾಬಿ ಕೊನೆಗೆ ಬರುವಷ್ಟರಲ್ಲಿ ತಣ್ಣಗಾದಳು. ನನ್ನ ಮುಖ ನೋಡಿದಳು. "ಇವ್ರಿಗೂ ಹಾಂಗೇ ಅಲ್ದಾ... ಹಾಂಗಾರೆ ಗುರುವಾರ. ಗುರುವಾರಕ್ ಎಂತ ದೋಷವೂ ಇಲ್ಲೆ."

ಗುರುವಾರಕ್ಕೆ ದೋಷ ಇಲ್ಲ. ಅದು ನನಗೂ ಗೊತ್ತು. ನನ್ನ ಜೋಡಿಸಿದ ಮಾತುಗಳೆಲ್ಲ ಗಂಟಲಿಗೆ ಬಂದು ನಿಂತವು. ಮಗು ತುಟಿ ಅಲುಗಿಸಿತು, ನುಂಗಿಕೊಂಡೆ. ರಶ್ಮಿ ಮಗುವಿನ ಒಣಗಿದ ಬಟ್ಟೆಗಳನ್ನು ತೆಗೆದುಕೊಂಡು ಮಡಚುತ್ತ ಕೂತಳು. ಒಂದು, ಆಮೇಲೆ ಇನ್ನೊಂದು, ಅಂಚಿಗೆ ಅಂಚು ಕೂಡಿಸಿ. ಆಗ ನನಗೆ ಹೊಳೆಯಿತು, ಇವಳು ಈಗ ಹುಲ್ಲಿನಲ್ಲಿ ಕೂತಿದ್ದಾಳೆ.

"ಗುರುವಾರ ಬತ್ತೆ ಅತ್ತೆ," ಎಂದಳು ಕಡೆಗೆ. "ಮಾವನ್ ಬಲೆ ಕೆಲ್ಸ ಎಲ್ಲಿಗ್ ಬಂತ್?"

"ಎಲ್ಲಿಗ್ ಬಪ್ಪುದ್? ಹೊಸ ಬಲೆ ಜಗಲಿ ತುಂಬ ಹರ್ಡ್ಕಂಡ್ ಕೂತಿರ್ ಅಪ್ಪ ಮಗ. ಮಳೆಯಂಗೆ ಬೇರೆ ಜಾಗ ಎಲ್ಲಿತ್? ಅರ್ಧ ಕಟ್ಟಿದ್ದನ್ನ ತೆಗೂಕಾಗ ಅಂಬ್ರ್. ಕಾಲ್ ಇಡುಕ್ ಜಾಗ ಇಲ್ಲೆ, ನಾನೇ ಹಿತ್ಲ್ ಬಾಗ್ಲಂಗೆ ಹೋಯಿ ಬರುದ್..."

ಗುಲಾಬಿಯ ಬಾಯಿ ಅಲ್ಲಿಗೇ ನಿಂತಿತು. ನಮ್ಮ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ನಿಮಗೆ ಹೇಳುತ್ತೇನೆ. ಹೆಂಗಸರು ಬಲೆ ದಾಟಬಾರದು, ದಾಟಿದರೆ ಆ ಬಲೆಗೆ ಮೀನು ಬೀಳುವುದಿಲ್ಲ ಎಂಬುದು ನಮ್ಮ ಹಿರಿಯರ ಮಾತು. ಹೊಸ ಬಲೆಯನ್ನು ಬಾಳಂತಿ ದಾಟುವುದಂತೂ ಕನಸಿನಲ್ಲೂ ಇಲ್ಲ. ಹಿಂದಿನ ಬಾಗಿಲಿನಿಂದ ಬರೋಣವೆಂದರೆ, ಮೊದಲ ಸಲ ಮನೆಗೆ ಬರುವ ಮಗುವನ್ನು ಎದುರು ಬಾಗಿಲಲ್ಲಿ ದೀಪ ತೋರಿಸಿ ಒಳಗೆ ಮಾಡಿಕೊಳ್ಳಬೇಕು. ಮೀನುಗಾರರ ಮನೆಯಲ್ಲಿ ಹುಟ್ಟಿ ಮೀನುಗಾರರ ಮನೆಯಲ್ಲೇ ಅತ್ತೆಯಾದ ಗುಲಾಬಿ, ದಿನ ನೋಡುವ ಗಡಿಬಿಡಿಯಲ್ಲಿ ತನ್ನ ಜಗಲಿಯ ಬಲೆಯನ್ನೇ ಮರೆತಿದ್ದಳು.

ರಶ್ಮಿ ತಲೆ ಎತ್ತಲಿಲ್ಲ. ಇನ್ನೊಂದು ಬಟ್ಟೆ ಮಡಚಿದಳು.

"ನಾನ್ ಹೇಳ್ತೆ ಕೇಣ್ ರಶ್ಮಿ," ಎಂದಳು ಗುಲಾಬಿ, ದೊಡ್ಡ ಮನಸ್ಸು ಮಾಡಿದವಳ ಹಾಗೆ. "ಅವ್ಸರ ಎಂತಕೆ? ಆಸಾಡಿ ಕಳೀಲಿ. ಬೋಟಿನವ್ರ್ ಅನ್ನಕ್ಕೆ ಒಂದ್ ಜನ ಮಾಡ್ಕಂಡ್ರೆ ಆತ್. ನೀನ್ ಮೈ ಕೈ ತುಂಬ್ಕಂಡೇ ಬಾ."

"ನೀವ್ ಹೇಳ್ದಂಗೆ ಅತ್ತೆ."

ಗುಲಾಬಿ ಕಾಫಿ ಕುಡಿದಳು, ಮಗುವಿನ ಕಾಲು ಮುಟ್ಟಿ ನೋಡಿದಳು. ಹೋಗುವಾಗ ನನ್ನ ಕಡೆ ತಿರುಗಿ, "ಇವತ್ ಎಂತ, ಒಂದ್ ಮಾತೂ ಇಲ್ಲೆ? ಹುಷಾರಿಲ್ಯಾ ನಿಮ್ಗೆ?" ಎಂದು ಕೆಣಕಿದಳು. ನಾನು ಮಗುವಿನ ಕಡೆ ಬೆರಳು ತೋರಿಸಿದೆ. ಅಷ್ಟು ಹೊತ್ತು ಸುಮ್ಮನೆ ಕೂತದ್ದು ನನ್ನ ಜೀವಮಾನದಲ್ಲೇ ಇಲ್ಲ. ದವಡೆ ನೋಯುತ್ತಿತ್ತು.

ಅವಳ ಕೊಡೆ ಗದ್ದೆಯ ಅಂಚು ದಾಟಿದ ಮೇಲೆ ಕೇಳಿದೆ, "ಬಲೆ ವಿಷ್ಯ ನಿಂಗ್ ಮೊದ್ಲೇ ಗೊತ್ತಿತಾ?"

"ಇವ್ರ್ ಮೊನ್ನೆಯೇ ಪೋನಂಗೆ ಹೇಳಿರ್."

"ಮತ್ ಬಂದ್ ಕೂಡ್ಲೆ ಹೇಳುಕಾಗ್ದಾ? ನನ್ ಜೀವ ಹೋಪುಕಾಯ್ತ್!"

"ನಾನ್ ಹೇಳಿರೆ ಬಲೆ ತೆಗ್ಸ್ತಿದ್ರ್ ಅಮ್ಮಮ್ಮ. ಅವ್ರೇ ಹೇಳಿರೆ ಅಲ್ಲೇ ಇರತ್ತ್."

ನಾನು ಅವಳನ್ನೇ ನೋಡಿದೆ. ಗೋಡೆ ಹಿಡಿದು ನಡೆಯುವ ಹುಡುಗಿ. ಮೂಳೆಯೇ ಕಾಣುವ ಬೆನ್ನು. ಇವಳಿಗೆ ಈ ಬುದ್ಧಿ ನನ್ನಿಂದ ಬಂದದ್ದಲ್ಲ, ನನ್ನ ಮಗಳಿಂದಲೂ ಅಲ್ಲ. ಆಟದಿಂದ ಬಂತು ಎಂದು ನಾನು ಹೇಳುವುದಿಲ್ಲ. ಅವಳ ಗಂಡನೂ ಅದೇ ಆಟ ಆಡಿದವನಲ್ಲವೇ? ಇದ್ದದ್ದು ಅವಳ ಒಳಗೇ. ಕತ್ತಿ ಇಟ್ಟುಕೊಂಡೂ ತೆಗೆಯದೆ ಇರಲಿಕ್ಕೆ ಎಷ್ಟು ಗಟ್ಟಿತನ ಬೇಕು ಎಂದು ಆವತ್ತು ನನಗೆ ಅಂದಾಜಾಯಿತು. ನಾನು ಅದನ್ನು ಅಂಜಿಕೆ ಎಂದುಕೊಂಡಿದ್ದೆ.

"ಗೆದ್ದೆ ನೀನ್," ಎಂದೆ.

"ಗೆಲ್ಲುದ್ ಎಂತ ಬಂತ್? ನಾಳೆ ನಾನ್ ಅದೇ ಮನಿಯಂಗೆ ಇರ್ಕ್ ಅಲ್ದಾ?" ಎಂದು ಮಗುವನ್ನು ಎತ್ತಿಕೊಂಡು ಹಾಲು ಕುಡಿಸಲಿಕ್ಕೆ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಮಗಳು ಫ್ಯಾಕ್ಟರಿಗೆ ಹೋದಳು. ತಾಯಿ ಮಗು ಇಬ್ಬರೂ ಒಳಗೆ ಮಲಗಿದ್ದರು. ನಾನು ಟಿವಿ ಹಾಕಿ ಆ ಹಿಡಿಯನ್ನು ಕೈಗೆ ತೆಗೆದುಕೊಂಡೆ. ನನ್ನ ಕಾಟ ತಾಳದೆ ರಶ್ಮಿ ಅದೇ ಆಟವನ್ನು ನನಗೆಂದು ಬೇರೆಯಾಗಿ ಮೊದಲಿನಿಂದ ಶುರು ಮಾಡಿ ಕೊಟ್ಟಿದ್ದಳು, ಯಾವ ಗುಂಡಿ ಒತ್ತಬೇಕೆಂದೂ ತೋರಿಸಿದ್ದಳು. ಮೊದಲು ಅವಳ ಹಾಗೆಯೇ ಹುಲ್ಲಿನಲ್ಲಿ ಕೂತು ನೋಡಿದೆ. ಕಾವಲಿನವನು ಬಂದ, ಹೋದ, ಮತ್ತೆ ಬಂದ. ನನ್ನಿಂದ ಆಗಲಿಲ್ಲ. ಕತ್ತಿ ತೆಗೆದೆ. ಬಾಗಿಲಿನವನನ್ನು ಹೊಡೆದೆ, ಗೋಡೆಯ ಮೇಲಿನವನನ್ನು ಹೊಡೆದೆ, ಕೂಗು ಕೇಳಿ ಓಡಿಬಂದ ಹತ್ತು ಜನರನ್ನೂ ಹೊಡೆದೆ. ಹಿಂದಿನ ದಿನ ಗುಲಾಬಿಯ ಎದುರು ನುಂಗಿದ ಮಾತುಗಳಿದ್ದವಲ್ಲ, ಒಂದೊಂದನ್ನೂ ಹಲ್ಲಿನ ಒಳಗೇ ಹೇಳುತ್ತ ಒಬ್ಬೊಬ್ಬನನ್ನು ಉರುಳಿಸಿದೆ. ಕೋಟೆಯಲ್ಲಿ ಯಾರೂ ಉಳಿಯಲಿಲ್ಲ. ಆಮೇಲೆ ಟಿವಿ ಆರಿಸಿ, ಬಾಳಂತಿಗೆ ಮೀಯಲಿಕ್ಕೆ ನೀರು ಕಾಯಿಸಲು ಹೋದೆ.